ಬಾವಿಯ ಪಾವಟಿಗೆಗಳು

ರಜಾಕಾರರ ಗದ್ದಲ ಅಡಗಿ ಮೂರು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಶಹಾಪುರದ ದವಾಖಾನೆಯಿಂದ ಬಂದ ಬಾಷುಮಿಯಾ, ಊರ ಬಾವಿಯೊಳಗೆ ನೀರಿನತನಕ ಇಳಿಯುವ ಪಾವಟಿಗೆಗಳನ್ನು ಕಲ್ಲಿಟ್ಟು ಮುಚ್ಚಬೇಕು, ಇನ್ನು ಮೇಲೆ ಗಡಗಡಿಗೆ ಹಗ್ಗ ಹಾಕಿಯೇ ನೀರು ಸೇದಬೇಕು ಎಂದ.

"ನಾರುಹುಣ್ಣಿನ ಕಾಲು ನೀರಾಗ ಇಟ್ರ ಹುಳಾ ಮರಿ ಬಿಡ್ತದ. ಆ ನೀರು ಕುಡದವರಿಗಿ ಬರೋ ವರ್ಷ ಹುಣ್ಣು."

ಬಾವಿಯ ಬಳಿ ಕೂಡಿದ್ದ ಹೆಂಗಸರ ನಡುವೆ ಕೂತಿದ್ದ ಮಲಕಮ್ಮನ ಮಡಿಲಲ್ಲಿ ಏಳು ವರ್ಷದ ಮಗಳು ರೇಣಮ್ಮನ ಕಾಲಿತ್ತು. ಹಿಮ್ಮಡಿಯ ಹುಣ್ಣಿನಿಂದ ಇಣುಕಿದ್ದ ಬಿಳಿ ನೂಲಿನಂಥ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೇ ಸುತ್ತು ಎಳೆಯುತ್ತಿದ್ದಳು. ಅವಸರಪಟ್ಟು ಹರಿದರೆ ಕಾಲೇ ಹೋದೀತು.

ಮಲಕಮ್ಮನ ಅತ್ತೆ ಗುರುಲಿಂಗಮ್ಮ ಒಪ್ಪಲಿಲ್ಲ. ಬಾವಿಯ ವಿಷಯದಲ್ಲಿ ಅವಳ ಮಾತೇ ಕೊನೆ. ನೀರು ಹದಿನಾಲ್ಕನೇ ಪಾವಟಿಗೆಗೆ ಇಳಿದರೆ ಬಟ್ಟೆ ಒಗೆಯುವಂತಿಲ್ಲ. ಹದಿನೇಳಕ್ಕೆ ಇಳಿದರೆ ಕುರಿಗಳನ್ನು ಹಳ್ಳದ ಒರತೆಗೆ ಹೊಡೆಯಬೇಕು. ಆ ಲೆಕ್ಕದಲ್ಲೇ ಊರು ಎಷ್ಟೋ ಬರಗಳನ್ನು ದಾಟಿತ್ತು.

"ಪಾವಟಗಿ ಮುಚ್ಚಿದ್ರ ನೀರು ಎಲ್ಲಿತನ ಇಳದದ ಅಂತ ಯಾರಿಗಿ ತಿಳೀತದ? ಎಲ್ಲಾರೂ ಮನಸಿಗಿ ಬಂದಂಗ ಸೇದತಾರ. ಮತ್ತ ಆ ಹುಳಾ ಎಲ್ಲಿಂದ ಬಂತೋ ಮಿಯಾ, ಬಾವ್ಯಾಗಿನ ಗಂಗವ್ವ ಹಡದಾಳೇನು?"

ಕೂಡಿದ್ದ ಹೆಂಗಸರು ನಕ್ಕರು. ಮಲಕಮ್ಮ ನಗಲಿಲ್ಲ.

"ನಾನೇ ಬಿಟ್ಟೀನ್ರಿ ಅತ್ತಿ," ಎಂದಳು. "ಉರಿ ತಾಳಲಾರದ ಈಕಿ ಅತ್ತಾಗೆಲ್ಲ ಪಾವಟಗಿ ಮ್ಯಾಲ ಕುಂದರಿಸಿ ಕಾಲು ನೀರಾಗ ಅದ್ದೀನಿ. ತಂಪಾಗಿ ಸುಮ್ಮನಾಗತಿದ್ಳು. ಆ ನೀರು ಎಲ್ಲಾರ ಮಕ್ಕಳೂ ಕುಡದಾವ."

ನಗು ನಿಂತಿತು. ಹಾಗೆ ಅದ್ದದ ತಾಯಿ ಆ ಗುಂಪಿನಲ್ಲಿ ಇರಲಿಲ್ಲ. ನೆರೆಮನೆಯ ಶಂಕ್ರಮ್ಮ ಸೊಂಟದ ಮೇಲಿದ್ದ ಕೂಸನ್ನು ಎದೆಗೆ ಎಳೆದುಕೊಂಡಳು.

ಗುರುಲಿಂಗಮ್ಮ ಬಗ್ಗಿ ಮೊಮ್ಮಗಳ ಕಾಲು ನೋಡಿದಳು.

"ಅಳತಿಗಿ ಏನು ಮಾಡ್ತಿ?" ಎಂದು ಸೊಸೆಯನ್ನು ಕೇಳಿದಳು.

"ಸೇದೋ ಹಗ್ಗಕ್ಕ ಕರಿ ಉಣ್ಣಿ ಎಳಿ ಸುತ್ತೂಣ್ರಿ. ಪಾವಟಗಿಗಿ ಒಂದು. ಕೊಡ ನೀರು ಮುಟ್ಟಿದಾಗ ಎಷ್ಟು ಎಳಿ ಇಳದಾವ ಅಂತ ಎಣಿಸಿದ್ರ ಆತು."

ಮರುದಿನ ಮುಂಜಾನೆ ಗುರುಲಿಂಗಮ್ಮ, ನೀರಿಗೆ ಕಾಲು ತಾಕಿಸದೆ, ಒಂದೊಂದೇ ಪಾವಟಿಗೆ ಇಳಿದಳು. ಇಳಿಬಿಟ್ಟ ಕೊಡ ತನ್ನ ಪಾದದ ಮಟ್ಟಕ್ಕೆ ಬಂದಾಗಲೆಲ್ಲ ಕೂಗಿದಳು. ಮೇಲೆ ಮಲಕಮ್ಮ ಹಗ್ಗಕ್ಕೆ ಕರಿ ಉಣ್ಣೆಯ ಎಳೆ ಸುತ್ತಿದಳು. ನೀರಿನೊಳಗಿದ್ದ ಪಾವಟಿಗೆಗಳನ್ನು ಮುದುಕಿ ನೆನಪಿನಿಂದಲೇ ಅಳೆದು ಹೇಳಿದಳು.

ಹತ್ತಿ ಬಂದವಳು ಏದುಸಿರು ಬಿಡುತ್ತ ಬಾವಿಯ ಬಾಯಲ್ಲಿ ಕೂತಳು. ಪಾವಟಿಗೆಗಳನ್ನು ಮುಚ್ಚಲು ಬಾಷುಮಿಯಾ ಕಲ್ಲಿಗೆ ಕೈ ಹಾಕಿದ.

"ತಡಿ," ಎಂದು ಅವನನ್ನು ಸರಿಸಿ, ಮೊದಲ ಕಲ್ಲನ್ನು ತಾನೇ ಎತ್ತಿಟ್ಟಳು. ಆಮೇಲೆ ಸೊಸೆಯ ಕಡೆ ಕೈ ಚಾಚಿದಳು.

"ಇನ್ನೊಂದು ಕೊಡವ್ವ."