ಗಿರಣಿ ತಿರುವಿನ ಹಿಮ

ಕುಹ್ಮೋ ಊರಿನ ಹವ್ಯಾಸಿ ಕಾರ್ ರ‍್ಯಾಲಿಯಲ್ಲಿ ಪ್ರತಿ ಚಳಿಗಾಲವೂ ಉರ್ಪೋನ ಕಾರು ಗಿರಣಿ ತಿರುವಿನ ಹಿಮದ ದಿಬ್ಬಕ್ಕೇ ನುಗ್ಗುತ್ತಿತ್ತು. ಅಲ್ಲಿ ಬೆಂಕಿ ಹಾಕಿ ಸಾಸೇಜ್ ಸುಡುತ್ತಿದ್ದವರು, "ಮತ್ತೆ ಬಂದ್ಯೇನೋ ಮಾರಾಯ!" ಎಂದು ರೇಗಿಸುತ್ತ ಓಡಿಬಂದು, ಕಾರನ್ನು ತಳ್ಳಿ ರಸ್ತೆಗೆ ಹತ್ತಿಸಿ, ಅವನ ಬೆನ್ನು ತಟ್ಟಿ ಕಳಿಸುತ್ತಿದ್ದರು.

ಈ ಸಲ ದಾರಿ ಹೇಳಲು ಕ್ಲಬ್ಬಿನವರು ವೀವಿಯನ್ನು ಪಕ್ಕದಲ್ಲಿ ಕೂರಿಸಿದ್ದರು. "ಎಡಗಾಲಲ್ಲಿ ಬ್ರೇಕ್ ಒತ್ರಿ ಯಜಮಾನ್ರೇ, ಬಲಗಾಲು ಆಕ್ಸಿಲರೇಟರಿಂದ ಎತ್ಬೇಡಿ!" ಎಂದು ಗಿರಣಿ ತಿರುವಿನಲ್ಲಿ ಅವಳು ಕಿರುಚಿದಳು. ಉರ್ಪೋ ಒತ್ತಿದ. ಮುಂದಿನ ಗಾಲಿಗಳೇ ಎಳೆಯುವ ಆ ಹಳೇ ಕಾರು ಹಿಂಭಾಗ ಬೀಸಿ ಸಲೀಸಾಗಿ ತಿರುಗಿತು. ಸಲಿಕೆ ಹಿಡಿದು ಕಾದಿದ್ದವರು ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋದರು.

ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯ ಬಾಗಿಲು ತಟ್ಟಿದವರೇ ಇರಲಿಲ್ಲ.

ಎರಡನೇ ಸುತ್ತಿನಲ್ಲಿ ಅದೇ ತಿರುವು ಬಂತು.

"ಬ್ರೇಕು! ಯಜಮಾನ್ರೇ, ಎಡಗಾಲು!"

ಉರ್ಪೋ ಎಡಗಾಲನ್ನು ಅಲುಗಿಸಲೇ ಇಲ್ಲ.