ಜೊತೆಗೆ ಹೋದವಳು

ಸೆಮಿನಾರ್ ಕೊಡಲು ಎದ್ದು ನಿಂತ ಅಂಜನ್‌ಕುಮಾರ್ ಅರ್ಧದಲ್ಲೇ ಮಾತು ನಿಲ್ಲಿಸಿದ. ಮರೆತಿರಬೇಕೆಂದು ಎಲ್ಲರೂ ಕಾದರು. ಅವನು ಗೋಡೆಯ ಕಡೆ ತಿರುಗಿ ಅಳತೊಡಗಿದ. ತುಮಕೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷ ಓದುತ್ತಿದ್ದ ಹುಡುಗ, ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ, ಕಾಲೇಜಿನ ಕಬಡ್ಡಿ ಟೀಮಿನವನು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಇನ್ಯಾರೋ ಮೊಬೈಲ್ ಎತ್ತಿದರು. ಸಂಜೆಯೊಳಗೆ ಆ ವಿಡಿಯೊ ಹಾಸ್ಟೆಲ್ಲಿನ ಗ್ರೂಪುಗಳಲ್ಲೆಲ್ಲ ಓಡಾಡಿತು. ಮೇಷ್ಟ್ರು ಅವನನ್ನು ಹೊರಗೆ ಕರೆದು, ಗಂಡು ಹುಡುಗ ಹೀಗಾದರೆ ಹೇಗಪ್ಪಾ, ಮುಖ ತೊಳೆದುಕೊಂಡು ಬಾ ಎಂದರು. ಅವರು ಒಳ್ಳೆಯವರೇ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಲ್ಯಾಬಿನಲ್ಲಿ ಅವನ ಪಕ್ಕದ ಜಾಗ ಇಂಪನಾಳದು. ಗುಬ್ಬಿಯಿಂದ ದಿನವೂ ಬೆಳಗಿನ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಅವನು ಬರ್ನರ್ ಹಚ್ಚಿ ಸುಮ್ಮನೆ ನಿಂತುಬಿಡುವುದನ್ನು, ಊಟದ ಹೊತ್ತಿಗೆ ಎಲ್ಲೋ ಮಾಯವಾಗುವುದನ್ನು ಅವಳು ಮೊದಲಿನಿಂದಲೂ ಗಮನಿಸಿದ್ದಳು. ಆ ವಾರ ಧೈರ್ಯ ಮಾಡಿ ಕೇಳಿದಳು. ನಿದ್ದೆ ಬರುವುದಿಲ್ಲ, ಎದೆ ಹಿಡಿದಂತಾಗುತ್ತದೆ, ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ ಎಂದ. ಮನೆಯಲ್ಲಿ ಹೇಳಿದೆಯಾ ಎಂದದ್ದಕ್ಕೆ ನಕ್ಕ. ಕುಣಿಗಲ್ ಹತ್ತಿರದ ಅವನ ಊರಿನಲ್ಲಿ ಅಪ್ಪ ಮೂಡಲಗಿರಿಯಪ್ಪ ಡೇರಿ ಅಧ್ಯಕ್ಷ. ಪಿಯುಸಿಯಲ್ಲಿ ಮಗ ಒಮ್ಮೆ ಅತ್ತಿದ್ದಕ್ಕೆ, ಬಳೆ ತೊಡಿಸಬೇಕಾ ಎಂದು ಹತ್ತು ಜನರ ಮುಂದೆ ಕೇಳಿದವನು.

ಆಸ್ಪತ್ರೆಗೆ ಹೋಗೋಣ, ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದಳು ಇಂಪನಾ. ಆ ಸಾಲಿನಲ್ಲಿ ನಿಂತಿದ್ದನ್ನು ಹಾಸ್ಟೆಲ್ಲಿನವರು ಯಾರಾದರೂ ನೋಡಿದರೆ ಮುಗಿಯಿತು ಎಂದು ಅವನು ಹಿಂಜರಿದ. ಹಾಗಾಗಿ ಸಾಲಿನಲ್ಲಿ ಅವಳು ನಿಂತಳು. ಚೀಟಿ ಮಾಡಿಸಿ ತರುವವರೆಗೆ ಅವನು ಹೊರಗೆ ಬೇವಿನ ಮರದ ಕೆಳಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೂತಿದ್ದ. ಡಾಕ್ಟರು ಸಮಾಧಾನದ ಹೆಂಗಸು. ಪೂರ್ತಿ ಕೇಳಿಸಿಕೊಂಡು ಮಾತ್ರೆ ಬರೆದರು, ತಪ್ಪದೆ ಬರಬೇಕು, ಮನೆಯವರನ್ನೂ ಒಮ್ಮೆ ಕರೆತರಬೇಕು ಎಂದರು. ಹೊರಗೆ ಬಂದ ಮೇಲೆ ಅವನು ಇಂಪನಾಳಿಂದ ಭಾಷೆ ತೆಗೆದುಕೊಂಡ. ಯಾರಿಗೂ ಹೇಳಬಾರದು. ಅವಳು ಒಪ್ಪಿದಳು.

ಹೀಗೆ ಕೆಲವು ಸಲ ಹೋಗಿ ಬಂದರು. ಅವನು ಊಟ ಮಾಡತೊಡಗಿದ. ಒಂದು ದಿನ ಲ್ಯಾಬಿನಲ್ಲಿ ಯಾವುದಕ್ಕೋ ಜೋರಾಗಿ ನಕ್ಕ. ಅವತ್ತು ರೈಲಿನಲ್ಲಿ ಇಂಪನಾಳಿಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಗಿತ್ತು.

ಅವಳ ದೊಡ್ಡಪ್ಪನ ಮಗ ಭಾನುಪ್ರಕಾಶ್ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಆಸ್ಪತ್ರೆಯಲ್ಲಿ ಚೀಟಿಯ ಸಾಲಿನಲ್ಲಿ ನಿಂತ ಇಂಪನಾಳನ್ನು, ಆಮೇಲೆ ಎದುರು ಎಳನೀರು ಕುಡಿಯುತ್ತಿದ್ದ ಇಬ್ಬರನ್ನೂ ಅವನು ಎರಡು ಸಲ ನೋಡಿದ್ದ. ಮೂರನೆಯ ಸಲಕ್ಕೆ ಕಾಯದೆ ಗುಬ್ಬಿಗೆ ಬಂದು ಚಿಕ್ಕಪ್ಪನ ಕಿವಿಗೆ ಹಾಕಿದ. ಇಂಪನಾಳ ಅಪ್ಪ ಶಿವರಾಮಯ್ಯ ಹೈಸ್ಕೂಲು ಹೆಡ್ಮಾಸ್ಟರು, ಮಗಳನ್ನು ಓದಿಸುತ್ತೇನೆಂದು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರು. ಮಗಳನ್ನು ಕೇಳಿದರು. ಕ್ಲಾಸ್‌ಮೇಟಿಗೆ ಹುಷಾರಿರಲಿಲ್ಲ ಎಂದಳು. ಏನು ಕಾಯಿಲೆ ಎಂದರು. ಜ್ವರ ಎಂದಳು. ತಿಂಗಳುಗಟ್ಟಲೆ ಯಾರಿಗೆ ಜ್ವರ ಬರುತ್ತದೆ? ಮಾರನೆಯ ದಿನದಿಂದ ಕಾಲೇಜು ನಿಂತಿತು, ಫೋನು ಅಪ್ಪನ ಬೀರು ಸೇರಿತು.

ಸುದ್ದಿ ಕುಣಿಗಲ್ ಕಡೆಗೂ ಹೋಯಿತು. ಅಲ್ಲಿ ಯಾರೂ ಸಿಟ್ಟಾಗಲಿಲ್ಲ. ಮಗ ಅಳುವ ವಿಡಿಯೊ ಊರಿನ ಹುಡುಗರ ಕೈಗೂ ಸಿಕ್ಕು, ಮೂಡಲಗಿರಿಯಪ್ಪ ಡೇರಿಯ ಹತ್ತಿರ ತಲೆ ಎತ್ತದಂತಾಗಿದ್ದ. ಈಗ ಅದಕ್ಕೊಂದು ಕಾರಣ ಸಿಕ್ಕಿತು. ಹುಡುಗಿ ವಿಷಯ, ವಯಸ್ಸಿನಲ್ಲಿ ಇದ್ದದ್ದೇ, ಗಂಡಸಾದವನಿಗೆ ಅದೇನು ಅವಮಾನವಲ್ಲ ಎಂದು ಎಲ್ಲರಿಗೂ ತಾನೇ ಹೇಳಿಕೊಂಡು ತಿರುಗಿದ. ವಿಚಾರಿಸಿದರೆ ಜಾತಿಯೂ ಒಂದೇ. ಹಣ್ಣು ಹೂವು ಹಿಡಿದು, ಹೆಂಡತಿ ಗಂಗಲಕ್ಷ್ಮಮ್ಮನನ್ನೂ ಮಗನನ್ನೂ ಕರೆದುಕೊಂಡು ಗುಬ್ಬಿಗೆ ಹೆಣ್ಣು ಕೇಳಲು ಹೊರಟ.

ಅವರು ಬರುವ ಹಿಂದಿನ ದಿನ ಇಂಪನಾ ಅಮ್ಮನ ಫೋನಿನಿಂದ ಅಂಜನ್‌ಗೆ ಕರೆ ಮಾಡಿದಳು. ಪೂರ್ತಿ ಹೇಳುವುದು ಬೇಡ, ನನಗೆ ಹುಷಾರಿರಲಿಲ್ಲ, ಅವಳು ಸಹಾಯ ಮಾಡಿದಳು ಎಂದರೆ ಸಾಕು ಎಂದಳು. ಖಂಡಿತ ಹೇಳುತ್ತೇನೆ, ನೀನು ಹೆದರಬೇಡ ಎಂದ.

ಹಜಾರದಲ್ಲಿ ಎಲ್ಲರೂ ಕೂತರು. ಭಾನುಪ್ರಕಾಶನೂ ಇದ್ದ. ಶಿವರಾಮಯ್ಯನವರು ಹುಡುಗನನ್ನು ನೇರವಾಗಿಯೇ ಕೇಳಿದರು. ಅವನು ನೆಲ ನೋಡುತ್ತ, "ಹೌದು ಸಾರ್, ಇಬ್ರೂ ಇಷ್ಟಪಟ್ಟಿದೀವಿ" ಎಂದ.

ಅಡುಗೆಮನೆಯ ಬಾಗಿಲಲ್ಲಿದ್ದ ಇಂಪನಾ ಅವನು ತಲೆ ಎತ್ತಲೆಂದು ಕಾದಳು. ಅವನು ಎತ್ತಲಿಲ್ಲ. ಅವಳೇ ಮುಂದೆ ಬಂದಳು.

"ಅಪ್ಪ, ಪ್ರೀತಿ ಗೀತಿ ಏನೂ ಇಲ್ಲ. ಅವ್ನಿಗೆ ಮನಸ್ಸು ಸರಿ ಇರ್ಲಿಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದೆ, ಅಷ್ಟೇ."

ಮೂಡಲಗಿರಿಯಪ್ಪ ಕಾಫಿ ಲೋಟ ಕೆಳಗಿಟ್ಟ. "ಏನ್ಲಾ ಇದು? ಹುಚ್ಚಿನ ಡಾಕ್ಟ್ರ ತಾವ್ಕೆ ಹೋಗಿದ್ದೇನ್ಲಾ ನೀನು?"

ಅಂಜನ್ ಅಂಗೈಯಿಂದ ಎದೆ ಒತ್ತಿಕೊಂಡ. ಅದೇನೆಂದು ಅಲ್ಲಿದ್ದವರಲ್ಲಿ ಬಲ್ಲವಳು ತಾನೊಬ್ಬಳೇ ಎಂದುಕೊಂಡಿದ್ದಳು ಇಂಪನಾ. ಆ ಕ್ಷಣಕ್ಕೂ ಅವಳಿಗೆ ಅವನ ಮೇಲೆ ಮರುಕವೇ ಇತ್ತು.

"ಹೋಗಿದ್ದು ನಿಜ ಅಪ್ಪ" ಎಂದ ಅವನು. "ನಂಗಲ್ಲ, ಅವಳಿಗೆ. ಒಬ್ಳೇ ಹೋಗಕ್ಕೆ ಭಯ ಅಂದ್ಳು. ನಾನು ಜೊತೆಗೆ ಹೋದೆ."

ಯಾರೂ ಅನುಮಾನ ತೋರಿಸಲಿಲ್ಲ. ಎಲ್ಲರ ಮುಖದಲ್ಲೂ, ಇಷ್ಟು ಹೊತ್ತು ತಿಳಿಯದ್ದು ಈಗ ತಿಳಿಯಿತೆಂಬ ಭಾವ ಬಂತು. ಚೀಟಿ ಇವಳ ಕೈಯಲ್ಲೇ ಇತ್ತು, ಸಾಲಿನಲ್ಲೂ ಇವಳೇ ನಿಂತಿದ್ದಳು ಎಂದು ಭಾನುಪ್ರಕಾಶ್ ನೆನಪು ಮಾಡಿಕೊಂಡು ಹೇಳಿದ. ಡಾಕ್ಟರಿಗೇ ಫೋನು ಮಾಡಿ ಕೇಳಿ ಎಂದು ಇಂಪನಾ ಕೂಗಿದಳು. ಕೂಗಿದ್ದೂ ಅವಳ ವಿರುದ್ಧದ ಸಾಕ್ಷಿಯಾಯಿತು. ಮೂಡಲಗಿರಿಯಪ್ಪ ಎದ್ದು ಚಪ್ಪಲಿ ಮೆಟ್ಟುತ್ತ, ಮೊದಲೇ ಗೊತ್ತಾಗಿದ್ದು ದೇವರ ದಯೆ ಎಂದ. ಗಂಗಲಕ್ಷ್ಮಮ್ಮ ಮಾತ್ರ ಒಮ್ಮೆ ತಿರುಗಿ ನೋಡಿ ಗಂಡನ ಹಿಂದೆ ಹೋದಳು. ಶಿವರಾಮಯ್ಯನವರು ಮಗಳನ್ನು ಹೊಡೆಯಲಿಲ್ಲ. "ಹೇಳಿದ್ರೆ ನಾವೇ ತೋರಿಸ್ತಿರ್ಲಿಲ್ವೇನಮ್ಮ" ಎಂದರು. ಹೊಡೆದಿದ್ದರೆ ಒಳ್ಳೆಯದಿತ್ತು ಅನಿಸಿತು ಅವಳಿಗೆ.

ಆದರೆ ತೋರಿಸಲಿಲ್ಲ. ಹೆಣ್ಣು ಹುಡುಗಿಯನ್ನು ಅಂಥ ಡಾಕ್ಟರ ಬಾಗಿಲಲ್ಲಿ ನಿಲ್ಲಿಸಿದರೆ ಮುಂದೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅಮ್ಮ ಅಡ್ಡ ಬಂದಳು. ಯಡಿಯೂರಿಗೆ ಕರೆದುಕೊಂಡು ಹೋಗಿ ಹರಕೆ ಕಟ್ಟಿಸಿದಳು. ಹಾಜರಿ ಸಾಲದೆ ಪರೀಕ್ಷೆ ಹೋಯಿತು. ಮನೆಗೆ ಬಂದ ನೆಂಟರು ಅವಳೊಂದಿಗೆ ಮಗುವಿನೊಂದಿಗೆ ಮಾತಾಡಿದಂತೆ ಮೆಲ್ಲಗೆ ಮಾತಾಡತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಇಂಪನಾಳಿಗೆ ನಿದ್ದೆ ಹೋಗಿತ್ತು. ಎದೆ ಹಿಡಿದಂತಾಗುತ್ತದೆ ಎಂದರೆ ಏನೆಂದು ಈಗ ಅವಳಿಗೂ ಗೊತ್ತಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ ಗಂಗಲಕ್ಷ್ಮಮ್ಮ ಒಬ್ಬಳೇ ಬಂದಳು. ಮನೆಯಲ್ಲಿ ಇಂಪನಾ ಬಿಟ್ಟರೆ ಯಾರೂ ಇರಲಿಲ್ಲ. ಒಳಗೆ ಬರಲೊಲ್ಲದೆ ಜಗಲಿಯ ಅಂಚಿಗೆ ಕೂತಳು. ಅಂಜನ್ ಪರೀಕ್ಷೆ ಬರೆದು ಊರಿಗೆ ಬಂದವನು ಮಾತ್ರೆ ನುಂಗುವುದನ್ನು ಬಿಟ್ಟಿದ್ದ. ಮನೆಯಲ್ಲಿ ಯಾರಾದರೂ ನೋಡಿದರೆ ಎಂಬ ಭಯ. ಈಗ ಹಾಸಿಗೆಯಿಂದ ಏಳುವುದಿಲ್ಲ, ಯಾವ ಡಾಕ್ಟರೆಂದು ಕೇಳಿದರೆ ಬಾಯಿ ಬಿಡುವುದಿಲ್ಲ, ತೋಟದ ಬಾವಿಯ ಕಡೆ ಒಬ್ಬನನ್ನೇ ಬಿಡುವಂತಿಲ್ಲ. ಅಪ್ಪ ಯಾರದೋ ಮಾಟ ಎನ್ನುತ್ತಾನೆ. ಆ ಡಾಕ್ಟರ ಹೆಸರು ಬೇಕಾಗಿತ್ತು ಎಂದಳು.

"ನಂಗೆ ಅವತ್ತೇ ತಿಳೀತು ಕಣವ್ವ, ನೀನು ಹೇಳಿದ್ದೇ ಸತ್ಯ ಅಂತ. ಗಂಡು ಮಗ. ನಾಳೆ ಯಾರು ಹೆಣ್ಣು ಕೊಡ್ತಾರೆ ಅಂತ ಬಾಯಿ ಮುಚ್ಕೊಂಡೆ."

"ನಾನು?" ಎಂದಳು ಇಂಪನಾ.

ಗಂಗಲಕ್ಷ್ಮಮ್ಮ ಸೆರಗಿನ ಅಂಚು ತಿರುವುತ್ತ, "ನಿಂಗೆ ನಿಮ್ಮಪ್ಪ ಅಮ್ಮ ಅವ್ರೆ ಕಣವ್ವ" ಎಂದಳು.

ಇಂಪನಾ ಡಾಕ್ಟರ ಹೆಸರು ಹೇಳಿದಳು. ಯಾವ ದಿನ ಇರುತ್ತಾರೆ, ಎಲ್ಲಿ ಚೀಟಿ ಮಾಡಿಸಬೇಕು, ಯಾವ ಬಾಗಿಲು, ಎಲ್ಲವನ್ನೂ ಹೇಳಿದಳು. ನನಗೆ ಓದು ಬರಹ ಬಾರದು, ಒಂದೇ ಒಂದು ಸಲ ಜೊತೆಗೆ ಬಾರವ್ವ ಎಂದು ಆಕೆ ಕೈ ಹಿಡಿದಳು. ಇಂಪನಾ ಕೈ ಬಿಡಿಸಿಕೊಂಡಳು. "ಬರಲ್ಲ" ಎಂದಳು. ಅಷ್ಟು ಹೇಳಿದ್ದಕ್ಕೆ ಅವಳಿಗೆ ಸಮಾಧಾನವೂ ಆಗಲಿಲ್ಲ.

ಗೇಟಿನ ಹತ್ತಿರ ಹೋದ ಗಂಗಲಕ್ಷ್ಮಮ್ಮ ಮತ್ತೆ ಹಿಂದಿರುಗಿ ಬಂದು, ನಾನು ಬಂದಿದ್ದನ್ನು ಯಾರಿಗೂ ಹೇಳಬೇಡ, ನಮ್ಮ ಯಜಮಾನರಿಗೆ ಗೊತ್ತಾದರೆ ಉಳಿಸುವುದಿಲ್ಲ ಎಂದು ಬೇಡಿಕೊಂಡಳು.

ಸಂಜೆ ಅಮ್ಮ ಬಂದವಳು, ಯಾರೋ ಹೆಂಗಸು ಬಂದಿದ್ದರಂತಲ್ಲ, ಎದುರು ಮನೆಯವರು ಹೇಳಿದರು ಎಂದಳು. ಯಾರೋ ಅಡ್ರೆಸ್ ಕೇಳಿಕೊಂಡು ಬಂದಿದ್ದರು ಎಂದಳು ಇಂಪನಾ. ನಿಜ ಹೇಳುವುದನ್ನು ಅವಳು ಆಗಲೇ ಒಂದು ಸಲ ಮಾಡಿ ನೋಡಿದ್ದಳು.