ಬಾಗಿಲು ಸರಿಯಾಗಿಯೇ ಇದೆ

ಗೋದಾಮಿನ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಬೆಂಕಿ ಬಿದ್ದಾಗ ಪ್ಯಾಕಿಂಗ್ ಮಾಡುವ ಹೆಂಗಸರು ಒಳಗಿದ್ದರು. ಒಬ್ಬರೂ ಹೊರಗೆ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಗಾಬರಿಯಲ್ಲಿ ಅವರಿಗೆ ತಳ್ಳಲು ತೋಚಲಿಲ್ಲ ಎಂದು ತನಿಖೆಯವರು ಹೇಳಿದರು. ಗೋದಾಮಿಗೆ ಸುಣ್ಣಬಣ್ಣ ಬಳಿದು ಕೆಲಸ ಮತ್ತೆ ಶುರು ಮಾಡಿದರು.

ವರ್ಷಗಳು ಕಳೆದ ಮೇಲೆ ಈ ಸಂಗತಿ ಗುಜರಿಯ ಮೇಜಿಗೆ ಬಂತು. ಬಂದದ್ದು ಒಂದು ವಿಡಿಯೋ ಗೇಮಿನ ವೇಷದಲ್ಲಿ.

ಗುಜರಿ ಅನ್ನುವುದು ಆಫೀಸಿನವರು ಅವಳಿಗೆ ಇಟ್ಟ ಹೆಸರು. ಇಂಟರ್ನೆಟ್ಟಿನಲ್ಲಿ ವಿಡಿಯೋ ಗೇಮ್ ಮಾರುವ ಅಂಗಡಿ ಅದು. ಮುಂದಿನ ಸಾಲಿನಲ್ಲಿ ಥಳಥಳಿಸುವ ಆಟಗಳು ಬೆರಳೆಣಿಕೆಯವು. ಉಳಿದವು ತಳಕ್ಕೆ ಇಳಿದು, ಹುಟ್ಟಿದ್ದೂ ಗೊತ್ತಾಗದೆ ಹೋದದ್ದೂ ಗೊತ್ತಾಗದೆ ಮುಗಿದುಹೋಗುತ್ತವೆ. ಆ ತಳಕ್ಕೆ ಕೈ ಹಾಕಿ, ಕೆದಕಿ, ಆಡಿ, ಒಳ್ಳೆಯದು ಸಿಕ್ಕರೆ 'ಇದನ್ನೊಮ್ಮೆ ಆಡಿ ನೋಡಿ' ಎಂದು ವಾರಕ್ಕೊಂದು ಬರೆಯುವುದು ಅವಳ ಕೆಲಸ. ಕಣ್ಣಿಲ್ಲದವಳೊಬ್ಬಳು ಬರೀ ಸದ್ದು ಹಿಡಿದು ಊರು ದಾಟುವ ಆಟವನ್ನು ಜನಕ್ಕೆ ತೋರಿಸಿದವಳು ಅವಳೇ. ನಿಂತ ಗಡಿಯಾರಗಳನ್ನು ರಿಪೇರಿ ಮಾಡುತ್ತ ಅವುಗಳ ಯಜಮಾನರ ಕಥೆ ಕೇಳುವ ಆಟವನ್ನೂ ಅವಳೇ ಧೂಳಿನಿಂದ ಎತ್ತಿದಳು. "ಗುಜರೀಲಿ ಚಿನ್ನ ಸಿಕ್ತಾ ಅಕ್ಕ?" ಎಂದು ಹುಡುಗರು ಕಿಚಾಯಿಸಿದರೆ, "ನಿಮ್ಮ ಮುಂದಿನ ಸಾಲಿನ ಹಿತ್ತಾಳೆಗಿಂತ ವಾಸಿ" ಎನ್ನುತ್ತಿದ್ದಳು.

ಅಂಗಡಿಯಲ್ಲೊಂದು ಪದ್ಧತಿ ಇತ್ತು. ಕೊನೆಯವರೆಗೆ ಆಡದೆ ಯಾವ ಆಟವನ್ನೂ ಹೊಗಳುವಂತಿಲ್ಲ. ಆಡಿ ಆದ ಮೇಲೆ 'ಮುಗಿಸಿದೆ' ಎಂಬ ಗುಂಡಿ ಒತ್ತಬೇಕು. ಒತ್ತಿದರೆ ಆಟದ ಪಕ್ಕದಲ್ಲಿ ಅವಳ ಮುಖ ಮೂಡುತ್ತದೆ. ಜನ ನಂಬುತ್ತಿದ್ದದ್ದು ಆ ಮುಖವನ್ನು. ಆಟವನ್ನು ಆಮೇಲೆ ರಿಪೇರಿ ಮಾಡಿದರೂ ಅಷ್ಟೆ, ಹೊಗಳಿದವಳೇ ಮತ್ತೆ ಆಡಿ ಮತ್ತೆ ಒತ್ತಬೇಕು.

ಈ ಹೊಸ ಆಟ ತಳ ಸೇರಿದ್ದಕ್ಕೆ ಕಾರಣ ಹುಳುಕಪ್ಪ. ಬಂದ ಆಟಗಳಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಕೆಲಸದಲ್ಲಿ ನಿಯತ್ತಿನ ಮನುಷ್ಯ. ಆಟದ ಕೊನೆಗೆ ಬರುವ ಬಾಗಿಲನ್ನು ಅವನು ಎಡದಿಂದ ತಳ್ಳಿದ್ದ, ಬಲದಿಂದ ತಳ್ಳಿದ್ದ, ಓಡಿ ಬಂದು ಗುದ್ದಿದ್ದ, ಇರುವ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಬೀಗ ಹಾಕಿದೆ ಅಂದುಕೊಳ್ಳುತ್ತಿದ್ದರು. ಅವನು ಬಗ್, ಅಂದರೆ ಆಟ ಬರೆದವರ ಕೈತಪ್ಪು, ಅಂದುಕೊಂಡ. 'ಕೊನೆಯ ಬಾಗಿಲು ತೆರೆಯುವುದಿಲ್ಲ, ಆಟ ಕೆಟ್ಟಿದೆ' ಎಂದು ಮುದ್ರೆ ಒತ್ತಿ ಕೆಳಗೆ ತಳ್ಳಿದ.

ಗುಜರಿ ಅದನ್ನು ಎತ್ತಿಕೊಂಡು ಮನೆಗೆ ಒಯ್ದಳು. ಅವಳು ತರುವ ಆಟಗಳಿಗೆಲ್ಲ ಮೊದಲ ಗಿರಾಕಿ ಅವಳ ಅತ್ತೆ. ಮಂಡಿ ನೋವಿನ ಮುದುಕಿ, ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಆದರೆ ಬೆರಳು ಮಾತ್ರ ಪಾದರಸ. ಸಂಜೆ ಮಗ ಕೆಲಸದಿಂದ ಬರುವ ಮುಂಚೆ ಅತ್ತೆ-ಸೊಸೆ ಒಂದೇ ಪರದೆಯ ಮುಂದೆ ಕೂರುವುದು ಆ ಮನೆಯ ರೂಢಿ.

ಆಟ ತುಂಬ ಸರಳ. ನೀವೊಬ್ಬ ಪ್ಯಾಕಿಂಗ್ ಕೆಲಸದವಳು. ರಟ್ಟು ಮಡಚಬೇಕು, ಡಬ್ಬಿ ಮಾಡಬೇಕು, ಟೇಪು ಎಳೆಯಬೇಕು, ಚೀಟಿ ಅಂಟಿಸಬೇಕು. ಅಕ್ಕಪಕ್ಕದ ಹೆಂಗಸರು ಮಾತಾಡುತ್ತಲೇ ಇರುತ್ತಾರೆ. ಒಬ್ಬಳ ಗಂಡನ ಗೊರಕೆ, ಇನ್ನೊಬ್ಬಳ ಮಗಳ ಹಟ, ಮೇಸ್ತ್ರಿಯ ಹೊಟ್ಟೆಯ ಮೇಲೆ ಜೋಕು. ಟೇಪು ಹರಿಯುವ ಸದ್ದಿಗೂ ಅವರ ನಗೆಗೂ ಒಂದು ಲಯ ಕೂಡುತ್ತದೆ.

"ಎಷ್ಟು ಹಾಯಾಗಿದೆ ಕಣೇ," ಅಂದಳು ಅತ್ತೆ. "ನಿದ್ದೆ ಬರೋ ಹಾಗಿದೆ."

ಅಷ್ಟರಲ್ಲಿ ಪರದೆಯೊಳಗೆ ಫ್ಯಾನುಗಳು ನಿಂತವು. ದೀಪ ಹೋಯಿತು. ಬೆಂಕಿಯನ್ನು ಆಟ ತೋರಿಸುವುದೇ ಇಲ್ಲ. ಒಬ್ಬಳು ಕೆಮ್ಮುತ್ತಾಳೆ, ಅಷ್ಟೆ. ಇನ್ನೊಬ್ಬಳು, "ಹಿಂಬಾಗಿಲಿಗೆ ನಡೀರಿ" ಅನ್ನುತ್ತಾಳೆ. ನೀವು ಮುಂದೆ, ಅವರು ಹಿಂದೆ. ಹಸಿರು ತಗಡಿನ ಬಾಗಿಲು, ಮಧ್ಯದಲ್ಲಿ ಒಂದು ನೆಗ್ಗು.

ಅತ್ತೆ ತಳ್ಳಿದಳು. ತೆರೆಯಲಿಲ್ಲ. "ಜೋರಾಗಿ ತಳ್ಳೇ, ಬೆಳಿಗ್ಗೆ ಏನೂ ತಿಂದಿಲ್ವಾ?" ಎಂದಿತು ಹಿಂದಿನಿಂದ ಒಂದು ದನಿ. ನಗೆ ಎದ್ದಿತು. ಅತ್ತೆ ಮತ್ತೆ ತಳ್ಳಿದಳು. ಈ ಸಲ ನಗೆ ಬರಲಿಲ್ಲ.

"ಲೇ, ಇಲ್ನೋಡು." ಅತ್ತೆಯ ಬೆರಳು ಪರದೆಯ ತಳದಲ್ಲಿತ್ತು. ಬಾಗಿಲ ಅಡಿಯ ಸಂದಿಯಲ್ಲಿ ತೆಳ್ಳಗೆ ಬೆಳಕು. ಬೆಳಕಿನ ನಡುವೆ ಎರಡು ಕಪ್ಪು ತುಂಡು. "ಆಚೆ ಯಾರೋ ನಿಂತಿದ್ದಾರೆ. ಕಾಲು."

ಕಾಲುಗಳು ಅಲುಗಲಿಲ್ಲ. ಹಿಂದಿನ ದನಿಗಳು ಒಂದೊಂದಾಗಿ ಕಡಿಮೆಯಾದವು. ಕೊನೆಗೆ ಏನೂ ಉಳಿಯಲಿಲ್ಲ, ಆದರೂ ಆಟ ಮುಗಿಯಲಿಲ್ಲ. ಬಾಗಿಲು, ಬೆಳಕು, ಕಾಲು. ಅತ್ತೆ ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ಕೆಂಡ ಮುಟ್ಟಿದವಳಂತೆ ಸೊಸೆಯ ಮಡಿಲಿಗೆ ಹಾಕಿದಳು. ಗುಜರಿ ಬಹಳ ಹೊತ್ತು ಕಾದು, ಬೇರೆ ದಾರಿ ಕಾಣದೆ ಆಟವನ್ನೇ ಮುಚ್ಚಿದಳು. ಮುಚ್ಚಿದ ಮೇಲೆ ಹೊಳೆಯಿತು: ಅಲ್ಲಿಂದ ಹೊರಗೆ ಹೋಗಲು ಆದದ್ದು ಆಡುತ್ತಿದ್ದವಳಿಗೆ ಮಾತ್ರ.

ಆಟ ಕಟ್ಟಿದವಳಿಗೆ ಅವಳು ಒಂದು ಸಾಲು ಬರೆದಳು: ಕೊನೆಯ ಬಾಗಿಲು ಕೆಟ್ಟಿದೆಯಾ? ಉತ್ತರವೂ ಒಂದೇ ಸಾಲು. ಬಾಗಿಲು ಸರಿಯಾಗಿಯೇ ಇದೆ.

ಮಾರನೆಯ ದಿನ ಆಫೀಸಿನ ಕೆಳಗಿನ ಚಹಾ ಅಂಗಡಿಯಲ್ಲಿ ಇಬ್ಬರೂ ಭೇಟಿಯಾದರು. ಆಟ ಕಟ್ಟಿದವಳದು ಕತ್ತರಿಸಿದ ಕೂದಲು, ಕಡ್ಡಿ ಮುರಿದಂತೆ ಮಾತು. ದೊಡ್ಡ ಆಟಗಳಿಗೆ ಮನೆ, ಬೀದಿ, ಬಾಗಿಲು ಕಟ್ಟಿಕೊಡುವುದು ಅವಳ ಕಸುಬು. ಆ ಗೋದಾಮಿನಲ್ಲಿ ಅವಳ ಅಕ್ಕ ಇದ್ದಳು.

"ಫೋನ್ ಮಾಡಿದ್ಳು ಒಳಗಿಂದ," ಅಂದಳು ಆಟ ಕಟ್ಟಿದವಳು. "'ಹೊರಗೆ ಯಾರೋ ನಿಂತಿದ್ದಾರೆ ಕಣೇ, ಕಾಲು ಕಾಣ್ತಿದೆ, ಈಗ ತೆಗೀತಾರೆ' ಅಂದ್ಳು. ಅಷ್ಟೇ."

"ತನಿಖೆಯವರಿಗೆ ಹೇಳಲಿಲ್ವಾ?"

"ಹೇಳ್ದೆ. ದುಃಖದಲ್ಲಿ ಹೀಗೆಲ್ಲ ಕೇಳಿಸುತ್ತಮ್ಮ ಅಂದ್ರು. ನೀರು ಕೊಟ್ರು." ಲೋಟವನ್ನು ಮೇಜಿನ ಅಂಚಿಗೆ ಸರಿಸಿದಳು. "ಆ ಬೀಗ ಈಗ ಲೋಕದಲ್ಲಿ ಉಳಿದಿರೋದು ನನ್ನ ಆಟದಲ್ಲಿ ಮಾತ್ರ. ಅಲ್ಲೂ ತೆಗೆದ್ರೆ ನಮ್ಮಕ್ಕ ಬಾಗಿಲು ತಳ್ಳೋಕೂ ಬರದ ದಡ್ಡಿ. ನಿಮ್ಮ ಹೊಗಳಿಕೆಗೇನೂ ನಾನು ಕಾದಿಲ್ಲ. ಬರೆದ್ರೆ ಬರೀರಿ, ಬಾಗಿಲಿನ ತಂಟೆಗೆ ಮಾತ್ರ ಬರಬೇಡಿ."

"ಮುಗಿಸದೆ ನಾನು ಬರೆಯೋ ಹಾಗಿಲ್ಲ."

"ಆಟ ಮುಚ್ಚಿ ಎದ್ದು ಹೋದ್ರಲ್ಲ? ಅಲ್ಲಿಗೇ ಮುಗೀತು."

ಗುಜರಿ ಗುಂಡಿ ಒತ್ತಿದಳು. ಆ ವಾರ ಅವಳು ಬರೆದದ್ದು ಚಿಕ್ಕದು: 'ಈ ಆಟ ಕೆಟ್ಟಿದೆ ಎಂದು ನಮ್ಮ ಅಂಗಡಿ ಹೇಳಿತ್ತು. ಕೆಟ್ಟಿಲ್ಲ. ಇದರಲ್ಲಿ ಗೆಲುವಿಲ್ಲ, ಬಹುಮಾನವಿಲ್ಲ. ಕೈಗಳಿಗೆ ಒಂದು ಕೆಲಸ ಕಲಿಸಿ, ಆ ಕೆಲಸ ಮಾಡುವವರ ಸಹವಾಸ ಕೊಟ್ಟು, ಆಮೇಲೆ ನಿಮ್ಮನ್ನು ಒಂದು ಬಾಗಿಲ ಮುಂದೆ ನಿಲ್ಲಿಸುತ್ತದೆ. ತೆರೆಯದಿದ್ದರೆ ಗುಂಡಿಯನ್ನು ಬೈಯಬೇಡಿ. ಬಗ್ಗಿ ಕೆಳಗೆ ನೋಡಿ.'

ಜನ ಬಗ್ಗಿ ನೋಡಿದರು. ಒಬ್ಬರಿಂದ ಹತ್ತು ಮಂದಿಗೆ ಹಬ್ಬಿತು. ತಳದಲ್ಲಿದ್ದ ಆಟ ಮೇಲೆ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿತು. ಎಲ್ಲರದೂ ಒಂದೇ ಪ್ರಶ್ನೆ: ಆ ಕಾಲು ಯಾರದು? ಹಿಂದೊಮ್ಮೆ ಆ ಗೋದಾಮಿನಲ್ಲಿ ದುಡಿದವನೊಬ್ಬ ಆಟದ ಪುಟದಲ್ಲಿ ಬರೆದ: ಹಸಿರು ಬಾಗಿಲು, ನಡುವಿನ ನೆಗ್ಗು, ನನಗೆ ಗೊತ್ತು. ನೆಗ್ಗು ಮಾಡಿದ್ದು ನನ್ನ ಕೈಗಾಡಿಯೇ. ಸಂಜೆಯೊಳಗೆ ಆ ಮಾತನ್ನು ಅಂಗಡಿ ಅಳಿಸಿತು.

ಗುಜರಿ ಕಾರಣ ಕೇಳಲು ಹೋದಾಗ ಮ್ಯಾನೇಜರ್ ನಕ್ಕ. ಸದಾ ಮೆಲ್ಲಗೆ ಮಾತಾಡುವ, ಎಲ್ಲರನ್ನೂ 'ನಮ್ಮವರು' ಎನ್ನುವ ಮನುಷ್ಯ. "ನಮ್ಮ ಅಂಗಡಿ ಯಾರದು? ದೊಡ್ಡ ಕಂಪನೀದು. ಗೋದಾಮು ಯಾರದು? ಅದೂ ಅವರದೇ. ನಿಮಗೆ ಗೊತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೀನಿ. ಹಾಗೇ ಅಂದುಕೊಳ್ಳೋಕೆ ಬಿಡಿ."

ಅವಳು ಹೊರಗೆ ಬಂದಳು. ಚಹಾಕ್ಕೆ ಇಳಿಯೋಣವೆಂದು ಎಂದಿನಂತೆ ಹಿಂದಿನ ಮೆಟ್ಟಿಲಿಗೆ ಹೋದಳು. ಬಾಗಿಲಿಗೆ ಹೊಸ ಬೀಗ ತೂಗುತ್ತಿತ್ತು. ಅದರ ಮೇಲೆ ಇನ್ನೂ ಎಣ್ಣೆಯ ಹೊಳಪು.

"ಇದ್ಯಾಕಪ್ಪ?" ಎಂದು ಕಾವಲಿನವನನ್ನು ಕೇಳಿದಳು.

"ಆರ್ಡರ್ ಮೇಡಂ. ಕೆಲಸದ ಹೊತ್ತಲ್ಲಿ ಜನ ಸುಮ್ಮಸುಮ್ಮನೆ ಇಳಿದು ಹೋಗ್ತಾರಂತೆ."

"ಬೀಗದ ಕೈ?"

"ಕೆಳಗೆ ಯಾರ ಹತ್ರಾನೋ ಇದೆಯಂತೆ." ಅವನಿಗೂ ಖಾತ್ರಿ ಇರಲಿಲ್ಲ. ಮೂಲೆಗೆ ತಿರುಗಿ ಕೆಮ್ಮಿದ.

ಮನೆಗೆ ಹೋದರೆ ಅತ್ತೆ ಕುರ್ಚಿಯಲ್ಲಿರಲಿಲ್ಲ. ಮಂಡಿ ನೋವು ಮರೆತು ಬಾಗಿಲ ಹಿಂದೆ ನಿಂತಿದ್ದಳು, ಕೈಯಲ್ಲಿ ಊರುಗೋಲು.

"ಮಧ್ಯಾಹ್ನ ಒಬ್ಬ ಬಂದಿದ್ದ. ಬೆಲ್ ಒತ್ತಲಿಲ್ಲ, ಕೂಗಲಿಲ್ಲ. ನಾನು ಸಂದೀಲಿ ನೋಡ್ದೆ ಕಣೇ... ಬೂಟು. ಕನ್ನಡಿ ಹಂಗೆ ಹೊಳೀತಿತ್ತು. ಯಾರಪ್ಪಾ ಅಂದ್ರೆ, 'ಸೊಸೆ ಚೆನ್ನಾಗಿದ್ದಾರಾ ಅಮ್ಮ?' ಅಂದ. ಚೆನ್ನಾಗಿದ್ದಾಳೆ, ನೀನ್ಯಾರು ಅಂದೆ. 'ಬಾಗಿಲು ಗಟ್ಟಿಯಾಗಿದೆ, ಒಳ್ಳೇದು' ಅಂತ ಎರಡು ಸಲ ತಟ್ಟಿ ನೋಡಿದ. ಆಮೇಲೆ ಹೋಗಲೇ ಇಲ್ಲ, ಬಹಳ ಹೊತ್ತು. ಸುಮ್ನೆ ನಿಂತಿದ್ದ."

"ಅತ್ತೆ, ನಾನು ಆ ಬರಹ ತೆಗೆದುಬಿಡ್ಲಾ?"

ಮುದುಕಿ ಊರುಗೋಲನ್ನು ಬಾಗಿಲಿಗೆ ಆನಿಸಿಟ್ಟು, ಗೋಡೆ ಹಿಡಿದು ಕುರ್ಚಿಗೆ ನಡೆದಳು. ಕೂತ ಮೇಲೆ ಮಾತು ಬಂತು. "ನನಗೆ ಹೆದರಿಕೆ ಆಗಿದೆ. ಇಲ್ಲ ಅನ್ನಲ್ಲ. ಆದ್ರೆ ಆ ಹುಡುಗೀರ ಮಾತು ಕೇಳಿದ್ದೀನಲ್ಲ, ಇನ್ನು ನನ್ನ ಕಿವಿ ತೊಳೆಯೋಕೆ ಆಗುತ್ತಾ?"

ಬರಹವನ್ನು ಅವಳು ತೆಗೆಯಲಿಲ್ಲ. ಗುಜರಿಯ ಮೇಜಿನ ಹತ್ತಿರ ಜನ ಸುಳಿಯುವುದು ನಿಂತಿತು. ಚಿನ್ನ ಸಿಕ್ತಾ ಎಂದು ಕೇಳುವವರಿಲ್ಲ. ಹುಳುಕಪ್ಪ ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ಕೀಲಿಮಣೆಯ ಮೇಲೆ ಏನನ್ನೋ ಕುಟ್ಟುತ್ತಿದ್ದ. ಅವಳು ಹಾದು ಹೋದರೆ ಪರದೆ ತಿರುಗಿಸುತ್ತಿದ್ದ.

ಒಂದು ಬೆಳಿಗ್ಗೆ ಅವಳನ್ನು ಸಭೆಯ ಕೋಣೆಗೆ ಕರೆದರು. ಗೋಡೆಯ ತುಂಬ ದೊಡ್ಡ ಪರದೆ. ಅದರ ಮುಂದೆ ಒಂದೇ ಕುರ್ಚಿ, ಕುರ್ಚಿಯ ಮೇಲೆ ಕಂಟ್ರೋಲರ್. ಮ್ಯಾನೇಜರ್, ಹುಳುಕಪ್ಪ, ಆಫೀಸಿನ ಅರ್ಧ ಜನ ಹಿಂದೆ ನಿಂತಿದ್ದರು. ಬಾಗಿಲ ಪಕ್ಕದಲ್ಲಿ ಗುರುತಿಲ್ಲದವನೊಬ್ಬ. ಗುಜರಿಯ ಕಣ್ಣು ಅವನ ಮುಖಕ್ಕೆ ಹೋಗಲಿಲ್ಲ, ನೇರ ಬೂಟಿಗೆ ಹೋಯಿತು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಒಳ್ಳೇ ಸುದ್ದಿ," ಅಂದ ಮ್ಯಾನೇಜರ್. "ಆಟವನ್ನ ನಾವು ತೆಗೀತಿಲ್ಲ. ತೆಗೆದ್ರೆ ಜನ ಇನ್ನಷ್ಟು ಹುಡುಕ್ತಾರೆ. ರಿಪೇರಿ ಮಾಡಿದ್ದೀವಿ. ಕೆಟ್ಟದ್ದನ್ನ ಸರಿ ಮಾಡೋ ಹಕ್ಕು ಅಂಗಡಿಗಿದೆ, ಆಟ ಕೊಡುವಾಗ ಎಲ್ಲರೂ ಒಪ್ಪಿರ್ತಾರೆ. ಈಗ ಬಾಗಿಲು ತೆರೆಯುತ್ತೆ. ನೀವೊಮ್ಮೆ ಆಡಿ 'ಮುಗಿಸಿದೆ' ಅನ್ನಿ. ನಮ್ಮವರು ನೀವು, ನಿಮ್ಮ ಮುಖವನ್ನ ಜನ ನಂಬ್ತಾರೆ."

"ಕಟ್ಟಿದವಳಿಗೆ ಹೇಳಿದ್ದೀರಾ?"

"ಅವಳನ್ನೂ ನೋಡಿಕೊಳ್ತೀವಿ." ಮ್ಯಾನೇಜರ್ ಕುರ್ಚಿ ಎಳೆದುಕೊಟ್ಟ. "ಕೂತ್ಕೊಳ್ಳಿ. ಮನೇಲಿ ವಯಸ್ಸಾದ ಅತ್ತೆ ಇದ್ದಾರಂತಲ್ಲ. ಬೇಗ ಮುಗಿಸಿ ಹೋಗೋರಂತೆ."

ಅವಳು ಕುಳಿತಳು. ರಟ್ಟು ಮಡಚಿದಳು, ಟೇಪು ಎಳೆದಳು. ಗಂಡನ ಗೊರಕೆಯ ಮಾತು ಬಂತು, ಮೇಸ್ತ್ರಿಯ ಹೊಟ್ಟೆಯ ಜೋಕು ಬಂತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಫ್ಯಾನು ನಿಂತವು. ಅವಳು ಮುಂದೆ, ಹೆಂಗಸರು ಹಿಂದೆ. ಹಸಿರು ಬಾಗಿಲು ಬಂತು. ನೆಗ್ಗು ಮಾಯವಾಗಿತ್ತು. ಅಡಿಯ ಸಂದಿಯಲ್ಲಿ ಬೆಳಕು ಮಾತ್ರ ಇತ್ತು, ಅಡ್ಡ ಬಂದವರು ಯಾರೂ ಇಲ್ಲ.

"ತಳ್ಳಿ," ಅಂದ ಮ್ಯಾನೇಜರ್.

ಗುಜರಿ ಆಟದೊಳಗೇ ಹಿಂದೆ ತಿರುಗಿ ನೋಡಿದಳು. ಹೆಂಗಸರು ಸಾಲಾಗಿ ನಿಂತಿದ್ದರು. "ನಾನು ತಳ್ಳಿದ್ರೆ ಇವರು?"

ಅವಳು ಹುಳುಕಪ್ಪನನ್ನೇ ನೋಡಿದಳು.

"ಅವರು ಅಲ್ಲೇ ಇರ್ತಾರೆ ಅಕ್ಕ," ಅಂದ ಅವನು. "ಮೊದಲಿನ ಆಟದಲ್ಲಿ ಅವರಿಗೆ ಬಾಗಿಲು ದಾಟೋದನ್ನೇ ಬರೆದಿಲ್ಲ. ಹೊಸದಾಗಿ ಬರೀಬೇಕಿತ್ತು. ಬೇಡ ಅಂದ್ರು. ಬಾಗಿಲು ತೆರೆಯುತ್ತೆ, ನೀವು ಹೊರಗೆ ಹೋಗ್ತೀರಿ. ಅವರು ನಿಂತಿರ್ತಾರೆ. ಅಷ್ಟೇ."

"ತೆರೆದ ಬಾಗಿಲ ಮುಂದೆ?"

"ಹೌದು."

"ತೋಚದೆ. ತನಿಖೆಯವರು ಹೇಳಿದ ಹಾಗೇ."

"ಒಂದು ಗುಂಡಿ," ಅಂದ ಮ್ಯಾನೇಜರ್, ಇನ್ನೂ ಮೆಲ್ಲಗೆ. ಬೂಟಿನವನು ಕೋಣೆಯ ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಪರದೆಯೊಳಗೆ ಹೆಂಗಸರಲ್ಲೊಬ್ಬಳು ಎಂದಿನಂತೆ ಕೂಗಿದಳು: "ಜೋರಾಗಿ ತಳ್ಳೇ, ಬೆಳಿಗ್ಗೆ ಏನೂ ತಿಂದಿಲ್ವಾ?"

ಗುಜರಿ ಕಂಟ್ರೋಲರನ್ನು ನೆಲದ ಮೇಲಿಟ್ಟಳು.

"ಒತ್ರೀ," ಅಂದ ಮ್ಯಾನೇಜರ್. ಅವನ ದನಿ ಏರಿದ್ದನ್ನು ಆಫೀಸಿನವರು ಕೇಳಿದ್ದು ಅದೇ ಮೊದಲು.

"ಬಾಗಿಲು ಸರಿಯಾಗೇ ಇತ್ತು," ಅಂದಳು ಅವಳು. "ನಾನು ಒತ್ತಲ್ಲ."